ಗಬ್ಬದ ಕುರಿ ಬರುವತನಕ

ಮೂವತ್ತೊಂದನೆಯ ಕುರಿಯ ಕಿವಿಯ ಬಿಲ್ಲೆಯ ಫೋಟೊ ತೆಗೆಯಲು ಕಾಯುತ್ತಿದ್ದಾಗ, ಕುರಿಗಳನ್ನು ವಿಮೆಗೆ ನೋಂದಾಯಿಸಲು ಬಂದಿದ್ದ ಲಾವಣ್ಯಳ ಟ್ಯಾಬಿನಲ್ಲಿ ಸಂಪರ್ಕ ಮತ್ತೆ ಕಡಿದು, ಅದುವರೆಗೆ ತುಂಬಿಸಿದ ವಿಮೆಯ ಪಟ್ಟಿಯೆಲ್ಲ ಅಳಿಸಿಹೋಯಿತು. ಬೆಳಗಿನಿಂದ ಇದು ಮೂರನೇ ಸಲ. ಕುರಿಗಳ ಒಡೆಯ ಮರೆಪ್ಪ ಅಂಗೈಯಲ್ಲಿ ತೊಗರಿ ಹೊಟ್ಟು ಹಿಡಿದು ದೊಡ್ಡಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತೇ ಇದ್ದ. ಆ ಮೂವತ್ತೊಂದನೆಯದು ಗಬ್ಬದ ಕುರಿ. ಅಟ್ಟಿ ಹಿಡಿದರೆ ಗರ್ಭ ಕಳೆದು ಕಂದು ಹಾಕುತ್ತದೆ. ತಾನಾಗಿ ಬರುವತನಕ ಕಾಯಬೇಕು.

"ನಿಮ್ಮ ನಾರಾಯಣಖೇಡದ ಕಡೆ ಟವರ್ ವೀಕ್ ಅದರಿ ಮೇಡಂ," ಎಂದ ವಿಮೆ ಕಂಪನಿಯ ಇಂಜಿನಿಯರ್ ಫೋನಿನಲ್ಲಿ.

"ಪ್ರತಿ ಸಲ ಬರೋಬ್ಬರಿ ಒಂದ್ ನಿಮಿಷಕ್ಕ ಕಟ್ ಆಗ್ತದ. ಟವರಿಗಿ ಗಡಿಯಾರ ಕಟ್ಟೀರೇನ್ರಿ?"

ಆತ ತಡವರಿಸಿದ. "ಅದು ಸರ್ವರ್ ಸೆಟ್ಟಿಂಗ್ ರೀ. ಟ್ಯಾಬಿನಿಂದ ಒಂದ್ ನಿಮಿಷ ಏನೂ ಬರಲಿಲ್ಲಂದ್ರ, ಯಾರೂ ಇಲ್ಲಂತ ತಿಳಕೊಂಡು ಕಟ್ ಮಾಡ್ತದ."

ಯಾರೂ ಇಲ್ಲವಂತೆ! ಲಾವಣ್ಯಳ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ಬೈಗುಳ ನುಂಗಿ, ಫೋನನ್ನು ಕಿವಿಗೆ ಒತ್ತಿಕೊಂಡೇ ಸುಮ್ಮನಾದಳು. "ಹಲೋ?" ಎಂದಿತು ಆಚೆಯ ದನಿ. ಅವಳು ಪಿಟ್ಟೆನ್ನಲಿಲ್ಲ, ಕಣ್ಣು ಟ್ಯಾಬಿನ ಗಡಿಯಾರದ ಮೇಲಿತ್ತು. "ಹಲೋ, ಮೇಡಂ, ಅದೀರೇನ್ರಿ?"

"ಅದೀನಿ. ನಾ ಬಾಯಿ ಬಿಡದೆ ಒಂದ್ ನಿಮಿಷದ ಮ್ಯಾಲಾತು. ನೀವು ಫೋನ್ ಇಟ್ರೇನು?"

ಆಚೆಯ ದನಿ ಮೆತ್ತಗಾಯಿತು. "ಸರ್ವರಿನಾಗ ಎಷ್ಟ್ ನಿಮಿಷ ಇಡ್ಲಿರಿ?"