ಸಿಪಾಯಿಗೆ ಕಳಿಸಿದ ಅಕಾರ್ಡಿಯನ್

“ಸೈನ್ಯದ ವಿಳಾಸ ಅಂದ್ರೆ ಕಳಿಸಬಾರದ್ದರ ಪಟ್ಟಿ ನಾನು ಓದಲೇಬೇಕು, ಕ್ಲೆಮ್. ನೀನು ಬೇಕಾದ್ರೆ ಕಣ್ಣು ಮುಚ್ಚಿ ನಿಂತಿರು,” ಎಂದಳು ಅಂಚೆ ಕಚೇರಿಯ ಟ್ಯಾಮಿ. ಕ್ಲೆಮ್‌ನ ಕಿವಿಗೆ ತಕ್ಕ ಹಾಗೆ ಊರಿಗೆಲ್ಲ ಕೇಳುವಂತೆ ಓದಿದಳು: ಹೆಂಡ, ಸಿಗರೇಟು, ಹಂದಿಮಾಂಸ. ಪೆಟ್ಟಿಗೆ ಹೋಗಬೇಕಿದ್ದ ಮರಳುಗಾಡಿನ ದೇಶದ ಕಾನೂನು ಹಾಗೆ. ಇವುಗಳಲ್ಲಿ ಒಂದು ಚೂರು ಸಿಕ್ಕರೂ ಪೆಟ್ಟಿಗೆ ವಾಪಸ್, ವಿಮೆಯ ದುಡ್ಡಿಗೂ ನಮಸ್ಕಾರ.

“ಒಳಗಿರೋದು ಅಕಾರ್ಡಿಯನ್ ಮಾರಾಯ್ತಿ, ಕಸಾಯಿಖಾನೆ ಅಲ್ಲ,” ಎಂದು ಕ್ಲೆಮ್ ಸಹಿ ಹಾಕಿದ.

ವಿಸ್ಕಾನ್ಸಿನ್ನಿನ ಮದುವೆಗಳಲ್ಲಿ ನಲವತ್ತು ವರ್ಷ ತಿದಿ ಎಳೆದು ಪೋಲ್ಕಾ ಕುಣಿತದ ಹಾಡು ನುಡಿಸಿ ಕಿವಿ ಕಳಕೊಂಡವನು ಅವನು. ಈಗ ಕಿವಿಗೆ ಮಷೀನು ಕೊಳ್ಳಲು ಅದೇ ಅಕಾರ್ಡಿಯನ್ನನ್ನು ಇಂಟರ್‌ನೆಟ್ಟಿನಲ್ಲಿ ಎರಡು ಸಾವಿರದ ಆರುನೂರು ಡಾಲರಿಗೆ ಮಾರಿದ್ದ. ಕೊಂಡವನು ಹೊರದೇಶದ ಶಿಬಿರದಲ್ಲಿದ್ದ ಸಾರ್ಜೆಂಟ್ ಬರ್ಡೆಟ್. ಶುಕ್ರವಾರ ಮೀನು ತಿನ್ನಲು ಬಾರಿನಲ್ಲಿ ಸೇರುವ ಗೆಳೆಯರೆಲ್ಲ ಅವನಿಗೆ ಬುದ್ಧಿ ಹೇಳಿದ್ದರು. “ಪೆಟ್ಟಿಗೆ ಸಮುದ್ರ ದಾಟಿದ ಮೇಲೆ ಎಲ್ಲಿದೆ ಅಂತ ದೇವರಿಗೂ ಗೊತ್ತಾಗಲ್ಲ. ಕೊಂಡೋನು ‘ಬಂದಿಲ್ಲ’ ಅಂದ್ರೆ ಮುಗೀತು, ದುಡ್ಡೂ ಅವನದೇ, ವಸ್ತುವೂ ಅವನದೇ.”

ಕ್ಲೆಮ್ ಅಷ್ಟು ಸುಲಭಕ್ಕೆ ಮೋಸಹೋಗುವ ಪೈಕಿಯೇ? ಸಾರ್ಜೆಂಟನಿಂದ ಸಮವಸ್ತ್ರದಲ್ಲಿ ಒಂದು ಫೋಟೊ ತರಿಸಿದ. ಆವತ್ತಿನ ತಾರೀಖು ಬರೆದ ಚೀಟಿ ಹಿಡಿಸಿ ಇನ್ನೊಂದು ತರಿಸಿದ. ಕೊನೆಗೆ ಫೋನಿನಲ್ಲಿ ಒಂದು ಪೋಲ್ಕಾ ಹಾಡಿಸಿದ. ಶತ್ರುವಿನ ಕೈಗೆ ಸಿಕ್ಕಿದ್ದರೂ ಪಾಪದವನಿಗೆ ಇಷ್ಟು ವಿಚಾರಣೆ ಆಗುತ್ತಿರಲಿಲ್ಲ.

ಪೆಟ್ಟಿಗೆ ನ್ಯೂಯಾರ್ಕ್ ಬಿಟ್ಟಿತು ಎಂದು ಕಂಪ್ಯೂಟರ್ ಹೇಳಿತು. ಆಮೇಲೆ ಅದು ಬಾಯಿಯೇ ಬಿಡಲಿಲ್ಲ. “ಇನ್ನೂ ಬಂದಿಲ್ಲ ಸರ್” ಎಂದು ವಾರಕ್ಕೊಮ್ಮೆ ಸಾರ್ಜೆಂಟ್ ಬರೆಯುತ್ತಿದ್ದ. ದುಡ್ಡು ವಾಪಸ್ ಕೇಳುವ ಗಡುವಿನ ಕೊನೆಯ ದಿನ, ಕ್ಲೆಮ್‌ನ ಕ್ಷಮೆ ಕೇಳಿ, ಮಾರಾಟದ ಸೈಟಿಗೆ ಅರ್ಜಿ ಹಾಕಿದ. ದುಡ್ಡು ಅವನಿಗೆ ವಾಪಸ್ ಹೋಯಿತು.

“ಸರ್ ಅಂತಾನೆ ನೋಡು! ಕದಿಯೋದ್ರಲ್ಲೂ ಏನು ವಿನಯ,” ಎಂದು ಕ್ಲೆಮ್ ಹಲ್ಲು ಕಡಿದ.

“ಫೋಟೊದಲ್ಲಿ ಮುಖ ನೋಡಿದ್ರೆ ಹಾಗನ್ಸಲ್ಲಪ್ಪ. ಊಟ ಸರಿಯಿಲ್ಲದೆ ಎಷ್ಟು ಸೊರಗಿದ್ದಾನೆ ಪಾಪ,” ಎಂದಳು ಹೆಂಡತಿ ಆರ್ಲೀನ್.

ಕ್ಲೆಮ್ ಆವತ್ತೇ ಸಾರ್ಜೆಂಟನ ಮೇಲಧಿಕಾರಿಗೆ ಎರಡು ಪುಟದ ಕಾಗದ ಬರೆದು ಹಾಕಿದ. ‘ಕಳ್ಳ’ ಎಂಬ ಮಾತಿನ ಕೆಳಗೆ ಪ್ರತಿ ಸಲವೂ ಗೆರೆ ಎಳೆದಿದ್ದ.

ಹತ್ತು ದಿನಕ್ಕೆ ಟ್ಯಾಮಿ ಕರೆಸಿದಳು. ವಾಪಸ್ ಬಂದ ಪೆಟ್ಟಿಗೆಯನ್ನು ಅವಳು ಒಳಗಿಟ್ಟಿರಲಿಲ್ಲ. ಹಿಂಬಾಗಿಲ ಆಚೆ ಬಿಸಿಲಲ್ಲಿಟ್ಟಿದ್ದಳು. ಮೇಲೆ ಕೆಂಪು ಮುದ್ರೆ: ನಿಷೇಧಿತ ವಸ್ತು.

“ಕಸಾಯಿಖಾನೆ ಅಲ್ಲ ಅಂದಿದ್ಯಲ್ಲ?” ಎಂದಳು ಮೂಗು ಮುಚ್ಚಿಕೊಂಡು.

ತೆರೆದರೆ, ಅಕಾರ್ಡಿಯನ್ನಿನ ತಿದಿಗೆ ಒತ್ತಿಕೊಂಡು ಒಂದು ಬಟ್ಟೆ. ಅದರೊಳಗೆ ಬೆಳ್ಳುಳ್ಳಿ ಹಾಕಿ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಸಾಸೇಜು, ದಪ್ಪ ಬಳೆಯ ಹಾಗೆ ಸುತ್ತಿದ್ದು. ಮರಳುಗಾಡಿನ ಬಂದರಿನಲ್ಲಿ ವಾರಗಟ್ಟಲೆ ಬೆಂದು ಕೊಬ್ಬೆಲ್ಲ ತಿದಿಯ ಮಡಿಕೆ ಮಡಿಕೆಗೂ ಇಳಿದಿತ್ತು. ಜೊತೆಗೊಂದು ಚೀಟಿ: ‘ಹೊಟ್ಟೆ ತುಂಬ ತಿನ್ನು ಮಗು. ಇಂತಿ ಆರ್ಲೀನ್.’

ಕ್ಲೆಮ್ ಮನೆಗೆ ತಂದು ಹಿತ್ತಲಲ್ಲಿ ಇಳಿಸಿದ. “ಯಾವಾಗ ಇಟ್ಟೆ ಇದನ್ನ?”

“ನೀನು ಟೇಪ್ ತರೋಕೆ ಹೊರಟ್ಯಲ್ಲ, ಆವಾಗ. ಕದ್ದೇನೂ ಇಡ್ಲಿಲ್ಲ. ಹುಡುಗನಿಗೊಂದು ಸಾಸೇಜ್ ಹಾಕ್ಲಾ ಅಂದೆ, ಹೂಂ ಅಂದೆ ನೀನು.”

“ನೀನೇನು ಹೇಳಿದ್ರೂ ನಾನು ಹೂಂ ಅಂತೀನಿ. ಮದುವೆ ಆದಾಗಿಂದ ಗೊತ್ತಿಲ್ವಾ ನಿನಗೆ?”

“ಗೊತ್ತು. ಅದಕ್ಕೇ ಯಾವಾಗ್ಲೂ ಕೇಳೇ ಮಾಡ್ತೀನಿ.” ಆರ್ಲೀನ್ ಏಪ್ರನ್ ತುದಿಯನ್ನು ಮೂಗಿಗೆ ಹಿಡಿದಳು. “ಮೊದ್ಲು ಆ ಅಧಿಕಾರಿಗೆ ಇನ್ನೊಂದು ಕಾಗದ ಬರಿ, ಕಳ್ಳ ನಮ್ಮನೇಲೇ ಸಿಕ್ಕಿದ ಅಂತ. ಗೆರೆ ಎಳಿಯೋದು ಮರೀಬೇಡ.”

“ಇದನ್ನ ಇನ್ಯಾರು ಕೊಳ್ತಾರೆ ಆರ್ಲೀನ್?”

“ಕಿವಿ ಕೇಳದೋನು ಮೂಗಿಲ್ಲದೋನನ್ನ ಹುಡುಕ್ಬೇಕು ಅಷ್ಟೆ,” ಎಂದು ಅವಳು ಗಟ್ಟಿಯಾಗಿ ಹೇಳಿದಳು.

“ಹೂಂ,” ಎಂದ ಕ್ಲೆಮ್.

ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿಗೇರಿಸಿ ಮೆಟ್ಟಿಲ ಮೇಲೆ ಕೂತು ತಿದಿ ಎಳೆದ. ಸ್ವರ ಹೊರಟಿತು, ಜೊತೆಗೆ ಬೆಳ್ಳುಳ್ಳಿಯೂ ಹೊರಟಿತು. ಪಕ್ಕದ ಮನೆಯ ಮುದಿ ನಾಯಿ ಬೇಲಿ ನುಸುಳಿ ಬಂದು, ಅವನ ಎದುರು ಕೂತು, ಪೋಲ್ಕಾ ಮುಗಿಯುವ ತನಕ ಜೊಲ್ಲು ಸುರಿಸುತ್ತ ಕದಲದೆ ಕೇಳಿತು.