ಒಬ್ಬನೇ ಬಂದ ಮೋಡ

ಗುಡ್ಡ ಹತ್ತಿ ಕುಂಕುಮ ಹಚ್ಚಿ ಕರೆಯದಿದ್ದರೆ ಮೋಡಗಳು ಯಾರ ಹೊಲಕ್ಕೂ ಬರುವುದಿಲ್ಲ. ಹೋದ ವರ್ಷ ಮೋಡಗಳ ಇಡೀ ಮನೆತನವೇ ಬಂದಿಳಿದು ಒಡ್ಡನ್ನು ಕೊಚ್ಚಿಕೊಂಡು ಹೋಗಿತ್ತು. ಅದಕ್ಕೇ ಈ ಸಲ ಸುನಂದಾ ಒಂದು ಮರಿಮೋಡವನ್ನಷ್ಟೇ ಕರೆದು ಬಂದಳು. ಅದು ಬಂದು ಬದುವಿನ ಮೇಲೆ ನಿಂತೇ ಇತ್ತು. ಒಂದು ಹನಿಯನ್ನೂ ಉದುರಿಸಲಿಲ್ಲ. ಶೇಂಗಾ ಹೂಬಿಟ್ಟಿತ್ತು. ಇವತ್ತು ನೀರು ಕಾಣದಿದ್ದರೆ ಒಂದು ಕಾಯಿಯೂ ಕಟ್ಟುವಂತಿರಲಿಲ್ಲ.

“ಏನಂತ ಕರದಿ?” ಅತ್ತೆ ಫಕೀರವ್ವ ಕೇಳಿದಳು.

“ನೀ ಒಬ್ಬನ ಬಂದ್ರ ಸಾಕು ಅಂದ್ನಿ, ಅತ್ತಿ.”

“ಹಿಂಗ ಕರದ್ರ ನಿನ್ನ ತಮ್ಮಾದ್ರೂ ನಮ್ಮನ್ಯಾಗ ಉಣ್ಣಾಕ ಕುಂದರ್ತಾನೇನು? ಬಾಗಲದಾಗ ನಿಂತು ಹೋಗ್ತಾನ.”

ಫಕೀರವ್ವ ಬದುವಿಗೆ ಹೋಗಿ ಕತ್ತೆತ್ತಿದಳು. “ಹುಡುಗಿಗೆ ತಿಳೀಲಿಲ್ಲಪಾ. ನಿಮ್ಮವ್ವನ್ನ ಕರಕೊಂಡು ಬಾ.”

ಮರಿಮೋಡ ಓಡಿತು. ಮಧ್ಯಾಹ್ನ ತಾಯಿಯೊಂದಿಗೆ ಬಂತು. ಸಂಜೆಯವರೆಗೆ ಇಬ್ಬರೂ ನಿಧಾನವಾಗಿ ಸುರಿದರು. ಅವರು ಹೊರಟು ನಿಂತಾಗ ಫಕೀರವ್ವ ತಾಯಿಮೋಡಕ್ಕೆ ಉಡಿ ತುಂಬಲು ಖಣ, ಅಕ್ಕಿ, ತೆಂಗಿನಕಾಯಿ ಹಿಡಿದು ಏಣಿ ಹತ್ತಿದಳು.

“ನಿಮ್ಮ ಮಂದಿಗೆಲ್ಲ ಹೇಳವ್ವ, ಬರ್ಲಿ,” ಅಂದಳು. “ಆದ್ರ ಇಬ್ಬಿಬ್ಬರ ಬರ್ಲಿ. ನಮ್ಮ ಹೊಲ ಸಣ್ಣದೈತಿ.”