ಎಡಗಡೆಯ ಬ್ರೇಕ್ ಲೈಟು

“ಇನ್ನೊಂದ್ಸಲ ಬ್ರೇಕ್ ಒತ್ತಿ,” ಅಂದ ಇನ್ಸ್‌ಪೆಕ್ಟರ್, ಕಾರಿನ ಹಿಂದೆ ನಿಂತು. ಅವಳು ಒತ್ತಿದಳು. “ಊಹೂಂ. ಬಲಗಡೆದು ಉರೀತಿದೆ, ಎಡಗಡೆದು ಇಲ್ಲ. ಹೆಡ್‌ಲೈಟು, ಇಂಡಿಕೇಟರು, ಬ್ರೇಕ್ ಲೈಟು, ಒಂದು ಕೆಟ್ಟಿದ್ರೂ ನಾನು ಡ್ರೈವಿಂಗ್ ಟೆಸ್ಟ್ ತಗೊಳ್ಳೋ ಹಾಗಿಲ್ಲಮ್ಮ. ಆರು ವಾರ ಬಿಟ್ಟು ಬನ್ನಿ.”

ಆರು ವಾರವಂತೆ. ಹೇಳೋರಿಗೇನು, ಬಾಯಿ ಮಾತು. ವಾರಕ್ಕೆ ಮೂರು ದಿನ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಇಷ್ಟು ದಿನ ಅಣ್ಣ ಊರಿನ ಆ ತುದಿಯಿಂದ ಬಂದು, ಮುಖ ಗಂಟು ಹಾಕಿಕೊಂಡೇ ಅಪ್ಪನ ಈ ಹಳೇ ಕಾರನ್ನು ಓಡಿಸುತ್ತಿದ್ದ. ‘ಮುಂದಿನ ವಾರದಿಂದ ನನ್ನ ಕೈಲಾಗಲ್ಲ, ಏನಾದ್ರೂ ಮಾಡ್ಕೊಳ್ಳಿ’ ಅಂತ ಹೇಳಿಯೂ ಆಗಿತ್ತು. ಇವತ್ತು ಟೆಸ್ಟ್ ಮುಗಿಸಿ ನೇರ ಆಸ್ಪತ್ರೆಗೆ ಹೋಗೋಣವೆಂದು ಅಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಅಣ್ಣ ದೂರ ಗೇಟಿನ ಹತ್ತಿರ ಫೋನಿನಲ್ಲಿ ಮುಳುಗಿದ್ದ.

“ನೀವು ಎಷ್ಟು ಹೊತ್ತು ಇರ್ತೀರ ಸರ್?”

“ಇನ್ನೂ ನಾಲ್ಕು ಗಾಡಿ ಇದೆ.”

“ಹಾಗಾದ್ರೆ ಐದನೇದು ನಂದು,” ಅಂದಳು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಡಿಕ್ಕಿಯೊಳಗೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದಳು.

ನಿನ್ನೆ ಸಂಜೆ ತಾನೇ ಕಾರಿನ ಬೆನ್ನನ್ನು ಗೋಡೆಗೆ ಮಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಗೋಡೆಯ ಮೇಲೆ ಎರಡೂ ಕೆಂಪು ಬೆಳಕು ಬಿದ್ದದ್ದನ್ನು ಕನ್ನಡಿಯಲ್ಲಿ ಕಣ್ಣಾರೆ ಕಂಡಿದ್ದಳು. ಕವರ್ ಬಿಚ್ಚಿದರೆ ಒಳಗೆ ಬಲ್ಬು ಸುಟ್ಟಿರಲಿಲ್ಲ. ಬಲ್ಬೇ ಇರಲಿಲ್ಲ. ಅದಕ್ಕೇನು ಕಾಲು ಬಂದಿತ್ತೇ? ಯಾರೋ ಬಿಚ್ಚಿ, ತೆಗೆದು, ಕವರನ್ನು ಮತ್ತೆ ಕೂರಿಸಿ, ಮೂರೂ ಸ್ಕ್ರೂಗಳನ್ನು ಹದವಾಗಿ ಬಿಗಿದಿದ್ದರು. ಅಷ್ಟು ಅಚ್ಚುಕಟ್ಟಾಗಿ ಬಿಗಿಯುವ ಕೈ ಅವರ ಮನೆಯಲ್ಲಿ ಒಂದೇ. ಗಾಡಿಗಳ ವೈರಿಂಗ್ ಮಾಡುವ ಅಂಗಡಿಯಲ್ಲಿ ಅಪ್ಪನಿಗೆ ಸರಿಸಮನಾಗಿ ಮೂವತ್ತು ವರ್ಷ ದುಡಿದ ಕೈ ಅದು.

ಹಿಂದಿನ ಬಾಗಿಲು ತೆಗೆದಳು. “ಅಮ್ಮ, ಕೊಡು.”

“ಏನ್ ಕೊಡ್ಲಿ?”

“ಬಲ್ಬು.”

ಅಮ್ಮ ಕಿಟಕಿಯಾಚೆ ನೋಡಿದಳು. ಆಮೇಲೆ ಸ್ವೆಟರಿನ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದಳು. “ನಿಂಗೆ ಲೈಸೆನ್ಸ್ ಬಂದ್ಮೇಲೆ ನಿಮ್ಮಣ್ಣ ಯಾಕೆ ಬರ್ತಾನೆ? ಈಗ ಗೊಣಗ್ತಾನೆ, ಗೊಣಗ್ಲಿ. ವಾರಕ್ಕೆ ಮೂರು ಸಲ ಮುಖ ಆದ್ರೂ ಕಾಣುತ್ತೆ.”

ಅವಳಿಗೆ ಮೈಯೆಲ್ಲ ಉರಿದು ಹೋಯಿತು. ಬೆಳಿಗ್ಗೆ ಎದ್ದರೆ ಅಮ್ಮನ ಮಾತ್ರೆ, ಅಮ್ಮನ ಉಪ್ಪಿಲ್ಲದ ಅಡುಗೆ, ಅಳೆದು ಕೊಡುವ ನೀರು. “ದಿನಾ ನಿನ್ನ ಕಣ್ಣೆದುರಿಗೇ ಇರೋಳು ನಾನು. ನಾನು ಲೆಕ್ಕಕ್ಕೇ ಇಲ್ವಾ?”

“ನೀನು ಎಲ್ಲಿಗೂ ಹೋಗಲ್ವಲ್ಲ,” ಅಂದಳು ಅಮ್ಮ, ಮೆಲ್ಲಗೆ.

ಅವಳು ಗಂಟು ಬಿಚ್ಚಿ ಬಲ್ಬು ತೆಗೆದುಕೊಂಡಳು. ಎರಡನೇ ಗಾಡಿ ಹೊರಟಾಗಿತ್ತು. ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸಿದಳು, ಕವರ್ ಬಿಗಿದಳು. “ಈಗ ಮುಂದೆ ಬಂದು ಬ್ರೇಕ್ ಒತ್ತು. ನಾನು ಹಿಂದಿನಿಂದ ನೋಡ್ಬೇಕು.”

“ನನ್ನ ಕಾಲಲ್ಲಿ ಶಕ್ತಿ ಎಲ್ಲಿದೆ?”

“ಸ್ಕ್ರೂ ಬಿಚ್ಚೋಕೆ ಕೈಯಲ್ಲಿ ಇತ್ತಲ್ಲ, ಹಾಗೇ ಕಾಲಲ್ಲೂ ಇರುತ್ತೆ. ಬಾ.”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಬಾಗಿಲು ಹಿಡಿದು ಇಳಿದಳು, ಬಾನೆಟ್ ಹಿಡಿದು ಸುತ್ತಿ ಬಂದಳು, ಡ್ರೈವರ್ ಸೀಟಿನಲ್ಲಿ ಕೂತು ಊದಿದ ಪಾದವನ್ನು ಪೆಡಲಿನ ಮೇಲಿಟ್ಟು ಒತ್ತಿದಳು. ಎರಡೂ ದೀಪ ಉರಿದವು.

ಅಮ್ಮನನ್ನು ಮತ್ತೆ ಹಿಂದೆ ಕೂರಿಸಿದ ಮೇಲೆ, ಐದನೆಯ ಗಾಡಿ ಅವಳದೇ ಆಯಿತು. ಏರಿನಲ್ಲಿ ನಿಲ್ಲಿಸಿ ಹೊರಡಿಸಿದಳು, ರಿವರ್ಸ್ ತೆಗೆದಳು, ಗೆರೆಯೊಳಗೆ ತಂದು ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ಕಾಗದಕ್ಕೆ ಸಹಿ ಹಾಕುತ್ತಾ, “ಅಷ್ಟು ಬೇಗ ಲೈಟ್ ರಿಪೇರಿ ಮಾಡಿದ್ದು ಯಾರು?” ಅಂತ ಕೇಳಿದ.

“ನಮ್ಮಮ್ಮ,” ಅಂದಳು.

ಅಷ್ಟರಲ್ಲಿ ಅಣ್ಣ ಬಂದ. ಕಾಗದ ನೋಡಿ ಅವನ ಮುಖ ಅರಳಿತು. “ಪಾಸಾ? ಸದ್ಯ, ಬದುಕಿದೆ. ಇನ್ಮೇಲೆ ನಾನು ಬರ್ಬೇಕಾಗಿಲ್ಲ ಅನ್ನು,” ಅನ್ನುತ್ತಾ ಬೀಗದಕೈಗೆ ಕೈ ಚಾಚಿದ.

ಅವಳು ಕೊಡಲಿಲ್ಲ. ಹಿಂದಿನ ಬಾಗಿಲು ತೆಗೆದು ಹಿಡಿದಳು. “ಬರ್ಬೇಕು. ಮೂರು ದಿನ ಬೇಡ, ವಾರಕ್ಕೊಂದು ದಿನ. ಓಡಿಸೋಕಲ್ಲ. ಇಲ್ಲಿ ಕೂತ್ಕೊಳ್ಳೋಕೆ. ಇಷ್ಟು ದಿನ ನೀನು ರಸ್ತೆ ನೋಡ್ಕೊಂಡೇ ಬಂದೆ, ಅಮ್ಮ ನಿನ್ನ ಬೆನ್ನು ನೋಡ್ಕೊಂಡೇ ಬಂದ್ಳು.”

ಅಣ್ಣ ಬಗ್ಗಿ ಒಳಗೆ ಇಣುಕಿದ. ಅಮ್ಮ ಆಗಲೇ ಆ ಬದಿಗೆ ಸರಿದು, ಅವನಿಗೆ ಜಾಗ ಮಾಡಿ ಕೂತಿದ್ದಳು.